ತಪ್ಪಾಯ್ತು ರಾಯರ ನಾಯಿ

ನಮ್ಮ ಕಟ್ಟಡಕ್ಕೆ ಐದು ಮಹಡಿ, ಒಂದು ಲಿಫ್ಟು, ಲಿಫ್ಟು ಕೆಟ್ಟ ದಿನಗಳಿಗಾಗಿ ಮೆಟ್ಟಿಲು. ಮೊದಲೆಲ್ಲ ಇಲ್ಲಿ ಆಗುವ ಅನಾಹುತಗಳಿಗೆ ಬೇರೆ ಬೇರೆ ಕಾರಣಗಳಿರುತ್ತಿದ್ದವು. ನೀರು ಬಾರದಿದ್ದರೆ ಪಂಪನ್ನು ಬೈಯುತ್ತಿದ್ದೆವು, ಹೂಕುಂಡ ಒಡೆದರೆ ಮಕ್ಕಳನ್ನು, ಗೋಡೆ ಸಿಪ್ಪೆ ಎದ್ದರೆ ಬಣ್ಣ ಬಳಿದವನನ್ನು. ಒಂದೊಂದಕ್ಕೂ ಒಬ್ಬೊಬ್ಬರನ್ನು ಹುಡುಕಿ ಬೈಯುವುದೆಂದರೆ ಸಣ್ಣ ಕೆಲಸವಲ್ಲ. ಈ ಶ್ರಮದಿಂದ ನಮ್ಮನ್ನು ಪಾರು ಮಾಡಿದವರು ಎರಡನೆಯ ಮಹಡಿಯಲ್ಲಿ, ನನ್ನ ಎದುರು ಮನೆಯಲ್ಲಿರುವ ರಾಯರು. ಕೆಲವು ತಿಂಗಳ ಕಾಲ ಈ ಕಟ್ಟಡದ ಸಕಲ ಅನಾಹುತಕ್ಕೂ ಒಂದೇ ಕಾರಣವಿತ್ತು: ರಾಯರ ನಾಯಿ. ಆ ನಾಯಿಯನ್ನು ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ ಎಂಬುದು ಬೇರೆ ವಿಷಯ.

ರಾಯರಿಗೆ ಕಟ್ಟಡ ಕೊಟ್ಟ ಪೂರ್ತಿ ಬಿರುದು ‘ತಪ್ಪಾಯ್ತು ರಾಯರು’. ಅವರು ಫ್ಯಾನು ತಯಾರಿಸುವ ಕಂಪನಿಯೊಂದರ ದೂರು ವಿಭಾಗದಲ್ಲಿ ಕೌಂಟರಿನ ಹಿಂದೆ ಕೂರುವವರು. ತಿರುಗದ ಫ್ಯಾನು, ತಿರುಗಿದರೂ ಗಾಳಿ ಬೀಸದ ಫ್ಯಾನು, ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಫ್ಯಾನು, ಇವನ್ನೆಲ್ಲ ಹೊತ್ತುಕೊಂಡು, ಮುಖ ಕೆಂಪಗೆ ಮಾಡಿಕೊಂಡು ಬರುವ ಜನರನ್ನು ದಿನವಿಡೀ ಎದುರಿಸುವುದೇ ಅವರ ಉದ್ಯೋಗ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮ್ಯಾನೇಜರ್ ಅವರಿಗೊಂದು ಸೂತ್ರ ಹೇಳಿಕೊಟ್ಟಿದ್ದರಂತೆ: ಮೊದಲು ಕ್ಷಮೆ ಕೇಳು, ಆಮೇಲೆ ಏನಾಯಿತು ಅಂತ ಕೇಳು. ರಾಯರು ಮೊದಲ ಭಾಗವನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದರೆಂದರೆ ಎರಡನೆಯ ಭಾಗದ ಅಗತ್ಯವೇ ಬೀಳಲಿಲ್ಲ. ಕ್ಷಮೆ ಕೇಳಿಸಿಕೊಂಡ ಅರ್ಧ ಜನ ಫ್ಯಾನನ್ನು ಅಲ್ಲೇ ಇಟ್ಟು ಹೋಗುತ್ತಿದ್ದರು, ಉಳಿದರ್ಧ ಜನ ಹೊತ್ತುಕೊಂಡು ಹೋಗುತ್ತಿದ್ದರು. ಒಮ್ಮೆ ಶೌಚಾಲಯ ಎಲ್ಲಿದೆ ಎಂದು ಕೇಳಲು ಬಂದವನನ್ನೂ ಅವರು ಕ್ಷಮೆ ಕೇಳಿ ಕಳಿಸಿದ್ದಾರೆ. ಪಾಪ, ಅವನು ಆಮೇಲೆ ಏನು ಮಾಡಿದನೋ.

ಇಂಥ ಮನೆಗೆ ರಾಯರ ಅತ್ತೆ, ಅಂದರೆ ಹೆಂಡತಿಯ ತಾಯಿ, ಮಗಳ ಜೊತೆ ಇರಲು ಬಂದರು. ಬರುವಾಗ ಒಂದು ಪೆಟ್ಟಿಗೆ ಮತ್ತು ಒಂದು ನಾಯಿ ತಂದರು. ನಾಯಿಯ ಹೆಸರು ದಿಂಬು. ಮನೆಯೊಳಗಿನ ಸಂಗತಿಗಳನ್ನೆಲ್ಲ ಆಮೇಲೆ ನನಗೆ ಹೇಳಿದವರು ಈ ಅತ್ತೆಯವರೇ. ಅವರ ಮಾತಿನಲ್ಲಿ ಉಪ್ಪು ಖಾರ ತುಸು ಜಾಸ್ತಿ ಇರಬಹುದು, ಆದರೆ ದಿಂಬುವಿನ ವಿಷಯದಲ್ಲಿ ಅವರು ಹೇಳಿದ್ದೆಲ್ಲ ನಿಜ. ಅದಕ್ಕೆ ವಯಸ್ಸಾಗಿತ್ತು, ಮಂಡಿ ನೋವಿತ್ತು, ಹಲ್ಲು ಬಹುಪಾಲು ಉದುರಿತ್ತು. ಗಾತ್ರದಲ್ಲಿ ಮಧ್ಯಮ ಕುಂಬಳಕಾಯಿಯಷ್ಟು. ದಿನದ ಬಹುಭಾಗ ಅತ್ತೆಯವರ ಕುರ್ಚಿಯ ಕೆಳಗೆ ಮಲಗಿರುತ್ತಿತ್ತು, ಎಚ್ಚರವಾದರೆ ಕುರ್ಚಿಯ ಇನ್ನೊಂದು ಕಡೆಗೆ ಹೋಗಿ ಮಲಗುತ್ತಿತ್ತು.

ನಮ್ಮ ಸಂಘದ ಅಧ್ಯಕ್ಷರು ನಿವೃತ್ತ ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟರೂ ಅವರ ಕೊರಳಿನ ಸೀಟಿ ಅವರನ್ನು ಬಿಟ್ಟಿಲ್ಲ. ಅವರು ಲಿಫ್ಟಿನಲ್ಲಿ ಒಂದು ಫಲಕ ಹಾಕಿಸಿದ್ದರು: ನಾಯಿ ಸಾಕಿದವರು ಹಗ್ಗ ಹಿಡಿದೇ ಓಡಾಡಬೇಕು, ಗಲೀಜಾದರೆ ಅವರೇ ಬಾಚಬೇಕು, ಮಧ್ಯಾಹ್ನ ಬೊಗಳಿಸಬಾರದು, ಲಿಫ್ಟಿನ ನೆಲಕ್ಕೆ ನಾಯಿಯ ಕಾಲು ತಾಗಬಾರದು. ಈ ಫಲಕವನ್ನು ಓದಿ ಚಾಚೂ ತಪ್ಪದೆ ಅದರಂತೆ ನಡೆದುಕೊಂಡ ಏಕೈಕ ವ್ಯಕ್ತಿ ರಾಯರು. ಕಾಲು ತಾಗಬಾರದಲ್ಲ, ಅದಕ್ಕೇ ಅವರು ದಿನಾ ಬೆಳಿಗ್ಗೆ ದಿಂಬುವನ್ನು ತಮ್ಮ ಆಫೀಸಿನ ಚೀಲದಲ್ಲಿ ಕೂರಿಸಿ, ಉಸಿರಾಡಲು ಜಿಪ್ಪನ್ನು ಸ್ವಲ್ಪ ತೆರೆದಿಟ್ಟು, ಕಟ್ಟಡದ ಹಿಂದಿನ ಬಯಲಿಗೆ ಕರೆದೊಯ್ಯುತ್ತಿದ್ದರು. ಅದು ಮಾಡಿದ್ದನ್ನು ಕಾಗದದಲ್ಲಿ ಬಾಚಿ ಕಸದ ಡಬ್ಬಿಗೆ ಹಾಕಿ, ಜೇಬಿನಲ್ಲಿಟ್ಟುಕೊಂಡ ಹಳೆಯ ಬಟ್ಟೆಯಿಂದ ಅದರ ಕಾಲೊರೆಸಿ, ಮತ್ತೆ ಚೀಲದಲ್ಲಿ ತರುತ್ತಿದ್ದರು. ದಾರಿಯಲ್ಲಿ ಎದುರಾದ ನಾನು, ಈ ಮನುಷ್ಯ ಊಟಕ್ಕೆ ಎಷ್ಟೊಂದು ಕಟ್ಟಿಕೊಂಡು ಹೋಗುತ್ತಾರಲ್ಲ ಎಂದು ಅಂದುಕೊಳ್ಳುತ್ತಿದ್ದೆ.

ಮೊದಲ ದೂರು ತಂದವರು ಒಂದನೆಯ ಮಹಡಿಯ ಸಂಗೀತದ ಟೀಚರ್. ಮಧ್ಯಾಹ್ನ ಅವರು ಮಕ್ಕಳಿಗೆ ಪಾಠ ಹೇಳಲು ಕೂತರೆ ಮೇಲಿನಿಂದ ಯಾವುದೋ ನಾಯಿ ತಾನೂ ಶ್ರುತಿ ಹಿಡಿಯುತ್ತಿತ್ತು. ಸದ್ದು ಯಾವ ಮಹಡಿಯದೆಂದು ತಿಳಿಯದೆ, ಟೀಚರ್ ಒಂದೊಂದೇ ಬಾಗಿಲು ತಟ್ಟಿ ವಿಚಾರಿಸೋಣವೆಂದು ಹೊರಟವರು ಮೊದಲು ತಟ್ಟಿದ್ದು ರಾಯರ ಬಾಗಿಲು.

“ಸಾರ್, ಮಧ್ಯಾಹ್ನ ಮಕ್ಕಳು ಹಾಡೋಕೆ ಕೂತ್ರೆ ಮೇಲಿಂದ ಒಂದು ನಾಯಿ...”

“ತಪ್ಪಾಯ್ತು ಮೇಡಂ,” ಅಂದರು ರಾಯರು. “ದಯವಿಟ್ಟು ಹೊಟ್ಟೆಗೆ ಹಾಕ್ಕೊಳ್ಳಿ. ಇನ್ಮೇಲೆ ಹೀಗಾಗದ ಹಾಗೆ ನೋಡ್ಕೋತೀವಿ.”

“ಅಂದ್ರೆ ಅದು ನಿಮ್ಮ ಮನೆದೇನಾ?”

“ತುಂಬಾ ತೊಂದರೆ ಆಯ್ತು ನಿಮಗೆ. ತಪ್ಪಾಯ್ತು.”

ಜಗಳಕ್ಕೆಂದು ಸಿದ್ಧ ಮಾಡಿಕೊಂಡು ಬಂದ ಮಾತುಗಳನ್ನೆಲ್ಲ ಟೀಚರ್ ವಾಪಸು ಒಯ್ಯಬೇಕಾಯಿತು. ಕೆಳಗೆ ಹೋಗಿ ಸಿಕ್ಕವರಿಗೆಲ್ಲ, “ಎಷ್ಟು ಒಳ್ಳೆ ಮನುಷ್ಯ ಗೊತ್ತಾ. ನಾಯಿ ಮಾತ್ರ ರಾಕ್ಷಸ,” ಎಂದು ಹೇಳಿದರು. ಅದೇ ಹೊತ್ತಿಗೆ ಮೂರನೆಯ ಮಹಡಿಯ ಇನ್ಶೂರೆನ್ಸ್ ಏಜೆಂಟರು, ಇವರನ್ನು ನಾವು ಪಾಲಿಸಿಯಣ್ಣ ಎನ್ನುತ್ತೇವೆ, ಮೆಟ್ಟಿಲಿಳಿದು ಬರುತ್ತಿದ್ದರು. ಅವರ ಮನೆಯಲ್ಲೂ ಒಂದು ನಾಯಿ ಇದೆ. ಅದರ ಗಂಟಲು ಬಹಳ ದೊಡ್ಡದು. ಟೀಚರ್ ಮಾತನ್ನು ಅವರು ಗಮನವಿಟ್ಟು ಕೇಳಿಸಿಕೊಂಡು, ಛೆ ಛೆ ಎಂದು ತಲೆಯಾಡಿಸಿ, ಮುಂದೆ ನಡೆದರು.

ಮುಂದಿನ ವಾರ ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲ ಎದುರಿಗೇ, ಯಾರೂ ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ, ನಾಯಿಯೊಂದು ತನ್ನ ಕೆಲಸ ಮುಗಿಸಿ ಹೋಗಿತ್ತು. ಬೆಳಗಿನ ವಾಕಿಂಗ್‌ಗೆ ಹೊರಟ ಅಧ್ಯಕ್ಷರು ಅದನ್ನು ಕಣ್ಣಿನಿಂದಲ್ಲ, ಕಾಲಿನಿಂದ ಪತ್ತೆ ಹಚ್ಚಿದರು. ಸೀಟಿ ಊದಿದರು. ಐದೂ ಮಹಡಿಗಳ ಬಾಗಿಲು ತೆರೆದವು, ಮೆಟ್ಟಿಲ ಕಟಾಂಜನದ ಮೇಲೆ ಸಾಲಾಗಿ ತಲೆಗಳು ಮೂಡಿದವು.

“ಯಾರ ನಾಯಿದು ಇದು?”

ರಾಯರು ಅರ್ಧ ಕೆನ್ನೆ ಬೋಳಿಸಿಕೊಂಡು, ಇನ್ನರ್ಧಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಆಗತಾನೆ ಹೊರಗೆ ಬಂದಿದ್ದರು. ಕೆಳಗೆ ಏನಿದೆಯೆಂದು ಅವರಿಗೆ ಕಾಣುತ್ತಲೂ ಇರಲಿಲ್ಲ. ಅವರಿಗೆ ಕಂಡದ್ದು ಕೋಪದ ಮುಖ ಒಂದೇ.

“ತಪ್ಪಾಯ್ತು ಸಾರ್,” ಎಂದು ಅಲ್ಲಿಂದಲೇ ಕೈಮುಗಿದರು.

“ಸರಿ. ಇನ್ನೊಂದು ಸಲ ಆಗ್ಬಾರ್ದು,” ಎಂದು ಅಧ್ಯಕ್ಷರು ಮತ್ತೆ ಸೀಟಿ ಊದಿದರು. ಬಾಗಿಲುಗಳು ಮುಚ್ಚಿದವು. ತಪ್ಪು ಒಪ್ಪಿಕೊಂಡಾಗಿತ್ತು, ಎಚ್ಚರಿಕೆ ಕೊಟ್ಟಾಗಿತ್ತು, ಕಟ್ಟಡದ ಶಿಸ್ತು ಉಳಿದಿತ್ತು. ಬಾಚುವ ಕೆಲಸವೊಂದು ಬಾಕಿಯಿತ್ತು, ಅದು ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಸಂಜೆಯವರೆಗೂ ನಾವೆಲ್ಲ ಅದನ್ನು ಹಾರಿಯೇ ಲಿಫ್ಟು ಹತ್ತಿದೆವು. ಒಳಗೆ ಹೋದ ರಾಯರು ಉಳಿದ ಕೆನ್ನೆ ಬೋಳಿಸಿಕೊಂಡು, ತಿಂಡಿಗೆ ಕೂತಾಗ ಹೆಂಡತಿಯನ್ನು ಕೇಳಿದರಂತೆ: “ಬೆಳಿಗ್ಗೆ ಅಧ್ಯಕ್ಷರು ಸೀಟಿ ಊದಿದ್ದು ಯಾಕೆ ಅಂತ ಏನಾದ್ರೂ ಗೊತ್ತಾಯ್ತಾ?”

ಅಲ್ಲಿಂದ ಮುಂದೆ ನಮ್ಮ ಕಟ್ಟಡದಲ್ಲಿ ನಾಯಿ ಸಾಕಿದವರೆಲ್ಲ ನೆಮ್ಮದಿಯ ಜನರಾದರು. ಹಗ್ಗಗಳು ಮೊಳೆಗೆ ನೇತುಬಿದ್ದವು. ಬಾಚುವ ಮೊರಗಳಿಗೆ ಜೇಡ ಬಲೆ ಕಟ್ಟಿತು. ಯಾಕೆಂದರೆ ಏನೇ ಆದರೂ ರಾಯರಿದ್ದರಲ್ಲ. ತಾರಸಿಯ ಮೇಲೆ ಒಣಹಾಕಿದ ಚಾದರ ಹರಿದಾಗ ತಪ್ಪಾಯ್ತು ಅಂದರು. ಸ್ಕೂಟರಿನ ಸೀಟು ಕಿತ್ತುಬಂದಾಗ ತಪ್ಪಾಯ್ತು ಅಂದರು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತು ನಾನು ಒಳಗೆ ಸಿಕ್ಕಿಬಿದ್ದಾಗ, ಹೊರಗಿನಿಂದ ಕಂಬಿಯ ಸಂದಿಗೆ ಬಾಯಿಟ್ಟು ನನಗೂ ತಪ್ಪಾಯ್ತು ಅಂದರು. ಆ ಹೊತ್ತಿನಲ್ಲಿ ನನಗೆ ಅದು ಸಮಾಧಾನ ಕೊಟ್ಟಿತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ.

ಇಷ್ಟೆಲ್ಲ ಮಾಡುವ ನಾಯಿ ಚಿಕ್ಕದಾಗಿರಲು ಸಾಧ್ಯವಿಲ್ಲ ಎಂಬ ತೀರ್ಮಾನಕ್ಕೆ ನಾವು ಬಂದೆವು. ಅದರ ದನಿ ಎದೆಯಾಳದಿಂದ ಬರುತ್ತದೆ, ಹಾಗಾಗಿ ಸೊಂಟದೆತ್ತರ ಇರಲೇಬೇಕು ಎಂದು ಸಂಗೀತದ ಟೀಚರ್ ಲೆಕ್ಕ ಹಾಕಿದರು. ಕರುವಿನಷ್ಟಿದೆ ಎಂದು ಅಧ್ಯಕ್ಷರು ಹೇಳಿದರು. ಹಾಲಿನವನು ಎರಡನೆಯ ಮಹಡಿಗೆ ಬರುವುದನ್ನು ಬಿಟ್ಟು ನನ್ನ ಹಾಲನ್ನೂ ಕೆಳಗೇ ಇಟ್ಟುಹೋಗತೊಡಗಿದ. ಪಾಲಿಸಿಯಣ್ಣ ಇನ್ನೊಂದು ಹೆಜ್ಜೆ ಮುಂದೆ ಹೋದರು.

“ನಾನು ಕಣ್ಣಾರೆ ನೋಡಿದೀನಿ,” ಅಂದರು ದನಿ ತಗ್ಗಿಸಿ. “ಮೆಟ್ಟಿಲ ಮೇಲೆ ಕರೆಂಟ್ ಇರ್ಲಿಲ್ಲ. ಎರಡು ಕಣ್ಣು ಮಾತ್ರ ಕಾಣಿಸ್ತು. ನಾಯಿ ಕಡಿತಕ್ಕೆ ನಮ್ಮಲ್ಲಿ ಒಳ್ಳೆ ಪಾಲಿಸಿ ಇದೆ, ಮಾಡಿಸಿಟ್ಕೊಳ್ಳಿ. ನಿಮ್ಮದು ಎದುರು ಮನೆ ಬೇರೆ.”

ನಾನು ಮಾಡಿಸಿಕೊಂಡೆ.

ಕೊನೆಗೆ ವಿಷಯ ಚಪ್ಪಲಿ ಬಿಡುವ ಜಾಗದವರೆಗೆ ಬಂತು. ಐದನೆಯ ಮಹಡಿಯಲ್ಲಿ ಹಲ್ಲಿನ ಡಾಕ್ಟರಮ್ಮ ಇದ್ದಾರೆ. ಅವರ ಮನೆಯಲ್ಲಿರುವುದು ಸರದಾರ ಎಂಬ ಎತ್ತರದ ನಾಯಿ. ಅದಕ್ಕೆ ಅವರು ದಿನಾ ತಾವೇ ಬ್ರಷ್ ಹಿಡಿದು ಹಲ್ಲುಜ್ಜುತ್ತಾರೆ. ಅಂಥ ಸಂಸ್ಕಾರವಂತ ನಾಯಿ ಇನ್ನೊಂದಿಲ್ಲ ಎಂಬುದು ಅವರ ನಂಬಿಕೆ. ಒಂದು ಬೆಳಿಗ್ಗೆ ಅವರ ಹೊಸ ಚರ್ಮದ ಶೂಗಳಲ್ಲಿ ಒಂದು ಕಾಣೆಯಾಗಿ, ಎರಡನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ರಾಯರ ಬಾಗಿಲಿಗೆ ನಾಲ್ಕು ಮಾರು ದೂರದಲ್ಲಿ, ಜಗಿದು ಬಿಟ್ಟ ಸ್ಥಿತಿಯಲ್ಲಿ ಸಿಕ್ಕಿತು. ಅದನ್ನು ಲೇಸಿನಿಂದ ಎತ್ತಿ ಹಿಡಿದುಕೊಂಡು ಅವರು ರಾಯರ ಬಾಗಿಲು ತಟ್ಟಿದರು.

“ತಪ್ಪಾಯ್ತು ಮೇಡಂ.”

“ನಾನಿನ್ನೂ ಏನೂ ಹೇಳೇ ಇಲ್ವಲ್ಲ.”

“ಪರವಾಗಿಲ್ಲ ಮೇಡಂ. ತಪ್ಪಾಯ್ತು.”

“ನಿಮ್ಮ ತಪ್ಪಾಯ್ತು ನನಗೆ ಬೇಡ,” ಅಂದರು ಡಾಕ್ಟರಮ್ಮ. ಕಟ್ಟಡದಲ್ಲಿ ಹಾಗೆ ಅಂದವರಲ್ಲಿ ಅವರೇ ಮೊದಲಿಗರು. “ಹಲ್ಲಿನ ಗುರುತು ನೋಡಿ ಇಲ್ಲಿ. ಇಂಥ ಹಲ್ಲಿರೋ ನಾಯಿ ಜನ ಇರೋ ಕಡೆ ಇರ್ಬಾರ್ದು. ನಾನು ಅಧ್ಯಕ್ಷರ ಹತ್ರ ಮಾತಾಡ್ತೀನಿ.”

ಮಾತಾಡಿದರು. ಮಧ್ಯಾಹ್ನದ ಹೊತ್ತಿಗೆ ಲಿಫ್ಟಿನಲ್ಲಿ ಹೊಸ ನೋಟಿಸು ಬಂತು: ಭಾನುವಾರ ಬೆಳಿಗ್ಗೆ ಪಾರ್ಕಿಂಗ್ ಜಾಗದಲ್ಲಿ ಸಭೆ, ವಿಷಯ ರಾಯರ ನಾಯಿಯನ್ನು ಕಟ್ಟಡದಿಂದ ಹೊರಹಾಕುವುದು, ನಾಯಿಯನ್ನು ಗಟ್ಟಿಯಾದ ಹಗ್ಗದಲ್ಲಿ ಕಟ್ಟಿ ತರತಕ್ಕದ್ದು.

ಅಂದು ಸಂಜೆ ರಾಯರ ಮನೆಯಲ್ಲಿ ಏನಾಯಿತೆಂದು ಅತ್ತೆಯವರು ನನಗೆ ಎರಡು ಸಲ ಹೇಳಿದ್ದಾರೆ. ರಾಯರ ಹೆಂಡತಿ ನೋಟಿಸು ಓದಿಕೊಂಡು ಬಂದು ಕೈಚೀಲವನ್ನೂ ಇಳಿಸದೆ ನಿಂತರಂತೆ.

“ದಿಂಬುಗೆ ಹಲ್ಲೆಷ್ಟಿದೆ ಅಂತ ಗೊತ್ತೇನ್ರೀ ನಿಮಗೆ? ಬಿಸ್ಕತ್ತನ್ನ ಹಾಲಲ್ಲಿ ನೆನೆಸಿ ಕೊಡ್ತೀವಿ ಅದಕ್ಕೆ. ಅದು ಶೂ ತಿಂತಾ?”

“ಅವರು ತುಂಬಾ ಕೋಪದಲ್ಲಿ ಬಂದಿದ್ರು ಕಣೇ.”

“ಕೋಪ ಬಂದೋರಿಗೆಲ್ಲ ನೀವು ತಪ್ಪಾಯ್ತು ಅಂತ ಹಂಚ್ತಾ ಹೋದ್ರೆ, ತಪ್ಪು ಮಾಡಿದೋರು ಆರಾಮಾಗಿ ಮಲಗಿರ್ತಾರೆ. ನೀವು ತಪ್ಪಾಯ್ತು ಅಂದ್ರೆ ನೆಲ ಒರೆಸಿದ ಹಾಗಾಗುತ್ತಾ? ಆಫೀಸಲ್ಲಿ ಮಾಡೋದನ್ನ ಆಫೀಸಲ್ಲೇ ಬಿಟ್ಟು ಬನ್ನಿ ಅಂತ ಎಷ್ಟು ಸಲ ಹೇಳಿದೀನಿ.”

“ತಪ್ಪಾಯ್ತು,” ಅಂದರು ರಾಯರು.

ಅಷ್ಟರಲ್ಲಿ ಒಳಕೋಣೆಯಿಂದ ಪೆಟ್ಟಿಗೆ ಎಳೆಯುವ ಸದ್ದು ಬಂತು. ಅತ್ತೆಯವರು ಬಟ್ಟೆ ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದರು. ಮೊದಲು ದಿಂಬುವಿನ ಕಂಬಳಿ, ಆಮೇಲೆ ತಮ್ಮ ಬಟ್ಟೆ.

“ಅಳಿಯಂದಿರೇ, ನಿಮ್ಮ ಮೇಲೆ ನನಗೆ ಕೋಪ ಇಲ್ಲ,” ಅಂದರು. “ದಿಂಬುಗೆ ಈ ವಯಸ್ಸಲ್ಲಿ ಬೇರೆಯವರ ಅಭ್ಯಾಸ ಆಗಲ್ಲ. ಅದು ಹೋದ ಕಡೆ ನಾನೂ ಹೋಗ್ಬೇಕು. ನನ್ನ ತಂಗಿ ಮನೆ ಇದೆ. ನೆಲಮನೆ.”

ಅತ್ತೆ ಹೊರಡುತ್ತಾರೆಂದರೆ ಹೆಚ್ಚಿನ ಗಂಡಸರು ಗಾಡಿ ಕರೆಯಲು ಓಡುತ್ತಾರೆ. ರಾಯರು ಗೋಡೆ ಹಿಡಿದು ನಿಂತರು. ಅವರಿಗೆ ನಿಜವಾಗಿಯೂ ಸಂಕಟವಾಯಿತು. ಹಗಲೆಲ್ಲ ಬೈಸಿಕೊಂಡು ಬಂದು ಅವರು ಫ್ಯಾನಿನ ಕತೆಗಳನ್ನು ಹೇಳಲು ಶುರು ಮಾಡಿದರೆ, ಕೂತು ಕೊನೆಯವರೆಗೆ ಕೇಳಿ, ನಗಬೇಕಾದ ಜಾಗದಲ್ಲೇ ನಗುವ ಒಬ್ಬರೇ ಒಬ್ಬರು ಆ ಮನೆಯಲ್ಲಿದ್ದರು, ಅದು ಅತ್ತೆ. ಹೆಂಡತಿಗೆ ಆ ಕತೆಗಳು ಬಾಯಿಪಾಠವಾಗಿದ್ದವು. ದಿಂಬು ಕೂಡ ಆ ಹೊತ್ತಿಗೆ ಬಂದು ರಾಯರ ಪಾದದ ಮೇಲೆ ಗಲ್ಲ ಊರಿ ಮಲಗುತ್ತಿತ್ತು. ಇಬ್ಬರೂ ಹೋದರೆ ಸಂಜೆ ಮನೆಗೆ ಬರುವುದಾದರೂ ಯಾಕೆ ಎಂದು ಅವರಿಗೆ ಅನ್ನಿಸಿತು.

ಮಾರನೆಯ ದಿನವೇ ರಾಯರು ಅಧ್ಯಕ್ಷರ ಮನೆಗೆ ಹೊರಟರು. ಹೇಳಬೇಕಾದ ಮಾತು ನಾಲ್ಕೇ ಶಬ್ದದ್ದು: ಅದು ನಮ್ಮ ನಾಯಿಯ ಕೆಲಸವಲ್ಲ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದರು, ಮೆಟ್ಟಿಲಿನುದ್ದಕ್ಕೂ ಗುನುಗಿಕೊಂಡು ಹೋದರು. ಬಾಗಿಲು ತೆರೆದ ಅಧ್ಯಕ್ಷರು ಅರ್ಧ ನಿದ್ದೆಯಿಂದ ಎದ್ದು ಬಂದಿದ್ದರು. ಹುಬ್ಬು ಗಂಟಿಕ್ಕಿ, “ಏನು?” ಅಂದರು.

“ತಪ್ಪಾಯ್ತು ಸಾರ್, ಎಬ್ಬಿಸ್ಬಿಟ್ಟೆ.”

“ನಾಯಿ ವಿಷಯ ತಾನೇ?”

“ಹೌದು ಸಾರ್. ಅದು ನಮ್ಮ...”

“ನಿಮ್ಮದೇ ಅಂತ ಗೊತ್ತು. ನೀವೇ ಎಷ್ಟು ಸಲ ಒಪ್ಕೊಂಡಿದೀರಿ. ಪ್ರಾಮಾಣಿಕರು ನೀವು. ಅದಕ್ಕೆ ನಾನು ನಿಮ್ಮ ಮೇಲೆ ಏನೂ ಕ್ರಮ ತಗೋತಿಲ್ಲ, ಬರೀ ನಾಯಿ ಮೇಲೆ.”

ರಾಯರು ಥ್ಯಾಂಕ್ಸ್ ಹೇಳಿ ವಾಪಸು ಬಂದರು. ಹೆಂಡತಿ ಹಣೆ ಚಚ್ಚಿಕೊಂಡರು. ಆಗ ಮನೆಯಲ್ಲಿ ಒಂದು ನಿರ್ಧಾರವಾಯಿತು: ಭಾನುವಾರ ರಾಯರು ಬಾಯಿ ತೆರೆಯಬಾರದು. ಬಾಯಿ ತೆರೆಯದಂತೆ ನೋಡಿಕೊಳ್ಳುವ ಹೊಣೆ ಅತ್ತೆಯವರದು. ಅದಕ್ಕಾಗಿ ಅವರು ಗಟ್ಟಿಯಾದ ಪೆಪ್ಪರ್‌ಮಿಂಟುಗಳ ಒಂದು ಪೊಟ್ಟಣ ತರಿಸಿಟ್ಟರು.

ಭಾನುವಾರ ಪಾರ್ಕಿಂಗ್ ಜಾಗದಲ್ಲಿ ಕುರ್ಚಿಗಳು ಬಿದ್ದವು. ಎಂದೂ ಸಭೆಗೆ ಬಾರದವರೂ ಬಂದಿದ್ದರು. ಮುಂದಿನ ಸಾಲು ಮಾತ್ರ ಖಾಲಿ. ಪಾಲಿಸಿಯಣ್ಣ ಕಂಬದ ಹಿಂದೆ ಜಾಗ ಹಿಡಿದಿದ್ದರು. ಅಧ್ಯಕ್ಷರ ಮೇಜಿನ ಮೇಲೆ ಆರೋಪಗಳನ್ನು ಬರೆದ ಕಾಗದ, ಪಕ್ಕದಲ್ಲಿ ಡಾಕ್ಟರಮ್ಮನ ಶೂ, ಕೈಗೆಟಕುವಂತೆ ಒಂದು ದೊಣ್ಣೆ. ರಾಯರು ಆಫೀಸಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿ ಮತ್ತು ಅತ್ತೆಯ ನಡುವೆ ಕೂತರು. ಅವರ ಒಂದು ಕೆನ್ನೆ ಪೆಪ್ಪರ್‌ಮಿಂಟಿನಿಂದ ಉಬ್ಬಿತ್ತು.

ಸೀಟಿ ಊದಿ ಅಧ್ಯಕ್ಷರು ಓದತೊಡಗಿದರು.

“ಒಂದು, ಮಧ್ಯಾಹ್ನ ಬೊಗಳಿ ಸಂಗೀತಕ್ಕೆ ಅಡ್ಡಿ. ಏನಂತೀರಿ ರಾಯರೇ?”

“ಮ್,” ಅಂದರು ರಾಯರು.

“ಎರಡು, ಲಿಫ್ಟಿನ ಮುಂದೆ, ಏನೋ ಒಂದು. ಅದನ್ನ ನಾನು ಬಾಯಿಬಿಟ್ಟು ಹೇಳಲ್ಲ.”

“ಮ್ಮ್.”

ಆರೋಪಗಳು ಬೆಳೆದಂತೆ ಪೆಪ್ಪರ್‌ಮಿಂಟು ಕರಗುತ್ತ ಬಂತು. ಅತ್ತೆಯವರು ಕಣ್ಣಿಟ್ಟಿದ್ದು, ಕೆನ್ನೆ ಇಳಿದ ಕೂಡಲೇ ಇನ್ನೊಂದನ್ನು ತುರುಕುತ್ತಿದ್ದರು. ಚಾದರ ಹೋಯಿತು, ಸ್ಕೂಟರಿನ ಸೀಟು ಹೋಯಿತು, ನಾನು ಲಿಫ್ಟಿನಲ್ಲಿ ಸಿಕ್ಕಿಬಿದ್ದದ್ದೂ ಬಂದುಹೋಯಿತು. ಶೂವಿನ ಸರದಿ ಬರುವ ಹೊತ್ತಿಗೆ ಪೊಟ್ಟಣ ಬರಿದಾಗಿತ್ತು. ಅತ್ತೆಯವರು ಖಾಲಿ ಕಾಗದವನ್ನು ಮಗಳಿಗೆ ತೋರಿಸಿದರು. ಮಗಳು ಗಂಡನ ತೊಡೆಯ ಮೇಲಿನ ಚೀಲವನ್ನು ಹಿಡಿದುಕೊಂಡರು.

“ಕೊನೆಯದು, ಡಾಕ್ಟರಮ್ಮನವರ ಶೂ. ಇದಕ್ಕೇನು ಹೇಳ್ತೀರಿ?”

“ತಪ್...” ಎಂದು ರಾಯರು ಎದ್ದರು.

“ಮೊದ್ಲು ನಾಯಿನ ನೋಡಿ ಸಾರ್,” ಎಂದು ಹೆಂಡತಿ ಅವರನ್ನು ಕೂರಿಸಿದರು. “ಆಮೇಲೆ ಏನು ಬೇಕಾದ್ರೂ ತೀರ್ಮಾನ ಮಾಡಿ.”

“ಅದೂ ಸರಿ. ಎಲ್ಲಿ ಕಟ್ಟಿದೀರಿ? ಹುಷಾರಾಗಿ ಕರ್ಕೊಂಡು ಬನ್ನಿ. ಎಲ್ಲರೂ ಕಾಲು ಮೇಲಿಟ್ಕೊಳ್ಳಿ.”

ಇಡೀ ಸಭೆ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡಿತು. ಅಧ್ಯಕ್ಷರು ದೊಣ್ಣೆ ಹಿಡಿದರು. ರಾಯರ ಹೆಂಡತಿ ಚೀಲವನ್ನು ಒಯ್ದು ಮೇಜಿನ ಮೇಲಿಟ್ಟು ಜಿಪ್ಪು ತೆಗೆದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಬಿಳಿಗೂದಲ ಕಿವಿ ಹೊರಬಂತು, ಹಿಂದೆಯೇ ಇನ್ನೊಂದು, ಎರಡರ ನಡುವೆ ದಿಂಬುವಿನ ಮುಖ. ಬೆಳಕಿಗೆ ಪಿಳಿಪಿಳಿ ಕಣ್ಣು ಬಿಟ್ಟು, ನಮ್ಮನ್ನೆಲ್ಲ ಒಮ್ಮೆ ನೋಡಿ, ಅದು ಆಕಳಿಸಿತು.

ಅಧ್ಯಕ್ಷರು ಚೀಲದೊಳಗೆ ಬಗ್ಗಿ ನೋಡಿದರು. ಮೇಜಿನ ಕೆಳಗೂ ನೋಡಿದರು.

“ಇನ್ನೊಂದು ಎಲ್ಲಿ?”

“ಯಾವ ಇನ್ನೊಂದು?” ಅಂದರು ಅತ್ತೆ.

“ದೊಡ್ಡದು.”

“ಇರೋದೇ ಇದೊಂದು.”

ಸಂಗೀತದ ಟೀಚರ್ ನಿಧಾನವಾಗಿ ಕಾಲು ಕೆಳಗಿಳಿಸಿ ಹತ್ತಿರ ಬಂದರು. “ಇದು ಬೊಗಳುತ್ತಾ?”

“ಬಿಟ್ಟು ಬಹಳ ವರ್ಷ ಆಯ್ತಮ್ಮ. ಈಗ ನಿದ್ದೆಲಿ ಗೊರಕೆ ಹೊಡಿಯುತ್ತೆ ಅಷ್ಟೆ.”

ಆಗಲೇ ಮೇಲಿನಿಂದ, ಎದೆಯಾಳದ ಒಂದು ದನಿ ಬೊಗಳತೊಡಗಿತು. ತನ್ನೊಂದನ್ನೇ ಮನೆಯಲ್ಲಿ ಬಿಟ್ಟುಬಂದದ್ದಕ್ಕೆ ಸಿಟ್ಟಾದ ನಾಯಿಯ ದನಿ ಅದು. ಎಲ್ಲರೂ ದಿಂಬುವಿನ ಬಾಯಿ ನೋಡಿದರು. ಅದು ಮುಚ್ಚಿತ್ತು. ಎಲ್ಲರೂ ತಲೆಯೆತ್ತಿ ಮೂರನೆಯ ಮಹಡಿ ನೋಡಿದರು. ಅಲ್ಲಿ ಕಿಟಕಿಯ ಸರಳುಗಳ ನಡುವೆ ದೊಡ್ಡ ಮೂತಿಯೊಂದು ಕಾಣಿಸಿತು. ಆಮೇಲೆ ಎಲ್ಲರೂ ಕಂಬದ ಕಡೆ ತಿರುಗಿದರು.

“ನನಗೆ ಒಬ್ಬರು ಪಾರ್ಟಿ ಬರೋರಿದ್ರು,” ಎಂದು ಪಾಲಿಸಿಯಣ್ಣ ಏಳಹೊರಟರು. ನಾನು ಅವರ ತೋಳು ಹಿಡಿದು ಕೂರಿಸಿದೆ. ನನ್ನ ಪಾಲಿಸಿಯ ನೆನಪು ನನಗೆ ಚೆನ್ನಾಗಿತ್ತು.

“ಬೊಗಳೋದು ಬೇರೆ, ಕಚ್ಚೋದು ಬೇರೆ,” ಎಂದು ಡಾಕ್ಟರಮ್ಮ ಎದ್ದರು. ಕೈಗೆ ಬಿಳಿಯ ಗ್ಲೌಸು ಹಾಕಿಕೊಂಡರು. ಅದು ಅವರ ಕೈಚೀಲದಲ್ಲಿ ಸದಾ ಇರುತ್ತದೆ. “ಚಿಕ್ಕ ನಾಯಿ ಹಲ್ಲು ಇನ್ನೂ ಚೂಪಾಗಿರುತ್ತೆ. ಬಾಯಿ ತೆಗಿಸಿ.”

ಅತ್ತೆಯವರು ದಿಂಬುವಿನ ಗಲ್ಲ ಸವರಿದರು. ಡಾಕ್ಟರಮ್ಮ ಬಗ್ಗಿ, ಮೊಬೈಲಿನ ಬೆಳಕು ಬಿಟ್ಟು, ಎಡಕ್ಕೆ ಬಲಕ್ಕೆ ನೋಡಿದರು. ಅಭ್ಯಾಸಬಲದಿಂದ “ಇನ್ನೂ ಸ್ವಲ್ಪ ಅಗಲ ಮಾಡಿ” ಎಂದೂ ಹೇಳಿದರು.

“ಮೂರು,” ಅಂದರು ಕೊನೆಗೆ. “ಅದ್ರಲ್ಲೂ ಒಂದು ಅಲ್ಲಾಡ್ತಿದೆ.”

ಆಮೇಲೆ ಶೂ ಎತ್ತಿಕೊಂಡು ಬೆಳಕಿಗೆ ಹಿಡಿದರು. ಆವತ್ತು ಕೋಪದಲ್ಲಿ ನೋಡಿದ್ದನ್ನು ಈಗ ಡಾಕ್ಟರಾಗಿ ನೋಡಿದರು. ಮೇಲಿನ ಸಾಲಿನ ಗುರುತು, ಕೆಳಗಿನ ಸಾಲಿನ ಗುರುತು, ಬಲಗಡೆ ತುಸು ವಾರೆಯಾಗಿ ಊರಿದ ಒಂದು ಕೋರೆಹಲ್ಲು. ಅವರ ಬೆರಳು ಅಲ್ಲಿಗೆ ಬಂದು ನಿಂತಿತು. ಆ ವಾರೆ ಹಲ್ಲು ಅವರಿಗೆ ಹೊಸದಲ್ಲ. ದಿನಾ ಬೆಳಿಗ್ಗೆ ಅದಕ್ಕೆ ಬ್ರಷ್ ಸರಿಯಾಗಿ ತಾಗುವುದಿಲ್ಲವೆಂದು ಅವರು ಕೈಯನ್ನು ಓರೆ ಮಾಡಿ ಉಜ್ಜುತ್ತಿದ್ದರು.

“ಇದು ನಮ್ಮ ಸರದಾರನ ಹಲ್ಲು,” ಅಂದರು.

ಡಾಕ್ಟರಮ್ಮನಂಥವರೇ ಒಪ್ಪಿಕೊಂಡ ಮೇಲೆ ಉಳಿದವರಿಗೆ ಕೂತಲ್ಲಿ ಕೂರಲಾಗಲಿಲ್ಲ. ನಾಲ್ಕನೆಯ ಮಹಡಿಯವರು ಚಾದರದ ವಿಷಯದಲ್ಲಿ ತಮ್ಮ ನಾಯಿಯ ಮೇಲೆ ತಮಗೂ ಸ್ವಲ್ಪ ಅನುಮಾನವಿತ್ತು ಎಂದರು. ಪಾಲಿಸಿಯಣ್ಣ ಲಿಫ್ಟಿನ ಮುಂದಿನದು ತಮ್ಮದಿರಬಹುದು, ಸ್ಕೂಟರಿನದು ಮಾತ್ರ ಖಂಡಿತ ಅಲ್ಲ ಎಂದರು. ಸ್ಕೂಟರಿನ ಸೀಟು ತಾನೇ ಹರಿದುಕೊಂಡದ್ದೋ ಏನೋ, ಅದಕ್ಕೆ ಇಂದಿಗೂ ದಿಕ್ಕಿಲ್ಲ.

ಅಧ್ಯಕ್ಷರಿಗೆ ತಲೆ ಕೆಟ್ಟುಹೋಯಿತು. ದೊಣ್ಣೆ ಕೆಳಗಿಟ್ಟು ರಾಯರ ಎದುರು ಬಂದು ನಿಂತರು. “ಅಲ್ಲ ರಾಯರೇ, ನಿಮ್ಮದಲ್ಲ ಅಂದ್ಮೇಲೆ ಅಷ್ಟೂ ಸಲ ತಪ್ಪಾಯ್ತು ಅಂತ ಯಾಕಂದ್ರಿ?”

ಬಾಯಿ ಖಾಲಿಯಿದ್ದ ರಾಯರು ಯೋಚಿಸಿದರು. “ನೀವೆಲ್ಲ ಕೋಪ ಮಾಡ್ಕೊಂಡು ಬಂದಿದ್ರಿ ಸಾರ್. ಕೋಪದಲ್ಲಿರೋರನ್ನ ಬಾಗಿಲಲ್ಲಿ ನಿಲ್ಲಿಸಿ, ಏನಾಯ್ತು ಅಂತ ಕೇಳೋಕೆ ನನಗೆ ಧೈರ್ಯ ಬರಲ್ಲ.”

ಯಾರೂ ನಗಲಿಲ್ಲ. ಡಾಕ್ಟರಮ್ಮ ಗ್ಲೌಸು ಕಳಚಿ ಅವರ ಮುಂದೆ ನಿಂತರು. “ತಪ್ಪಾಯ್ತು ರಾಯರೇ. ನಾನು ಮೊದ್ಲು ನಮ್ಮನೆ ನಾಯಿ ಬಾಯಿ ನೋಡ್ಬೇಕಿತ್ತು.”

ರಾಯರು ಕಣ್ಣುಕಣ್ಣು ಬಿಟ್ಟರು. ಇಷ್ಟು ವರ್ಷ ಆ ಮಾತನ್ನು ಕೌಂಟರಿನ ಇನ್ನೊಂದು ಕಡೆಗೆ ದಾಟಿಸುತ್ತಲೇ ಬಂದವರು ಅವರು. ಅದು ಈ ಕಡೆಗೂ ಬರಬಹುದೆಂದು ಅವರಿಗೆ ಗೊತ್ತಿರಲಿಲ್ಲ. ಅವರ ಕಣ್ಣು ತುಂಬಿತು. ಹೆಂಡತಿಯ ಕಡೆ ಬಾಗಿ, “ಇದಕ್ಕೆ ಏನನ್ಬೇಕು ಕಣೇ?” ಎಂದು ಕೇಳಿದ್ದು ನಮಗೆಲ್ಲ ಕೇಳಿಸಿತು.

“ಪರವಾಗಿಲ್ಲ ಅನ್ನಿ.”

“ಪರವಾಗಿಲ್ಲ ಮೇಡಂ,” ಅಂದರು ರಾಯರು. ಮಾತು ಹೊಸದಾದ್ದರಿಂದ ಇನ್ನೊಂದು ಸಲ ಅಂದು ನೋಡಿದರು.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಸದ್ದಿಗೆ ದಿಂಬು ಪೂರ್ತಿ ಎಚ್ಚರವಾಯಿತು. ಚೀಲದಿಂದ ಹೊರಬಂದು, ಮಂಡಿ ನೋವಿನ ಕಾಲುಗಳಲ್ಲಿ ಮೇಜಿನ ಮೇಲೆ ನಾಲ್ಕು ಹೆಜ್ಜೆ ನಡೆದು, ಅಧ್ಯಕ್ಷರು ದುಂಡಗೆ ಬರೆದ ಆರೋಪಗಳ ಕಾಗದದ ಮೇಲೆ ನಿಂತು, ಯಾವ ಗಡಿಬಿಡಿಯೂ ಇಲ್ಲದೆ ಉಚ್ಚೆ ಹೊಯ್ಯಿತು. ಕಾಗದ ತೊಯ್ದು, ಮೇಜಿನಂಚಿನಿಂದ ಅಧ್ಯಕ್ಷರ ಬಿಳಿ ಶೂಗಳ ಮೇಲೆ ತೊಟ್ಟಿಕ್ಕಿತು.

ಚಪ್ಪಾಳೆ ನಿಂತಿತು. ಅಧ್ಯಕ್ಷರ ಕೈ ಸೀಟಿಯತ್ತ ಹೋಯಿತು, ಮುಖ ಕೆಂಪಾಯಿತು. ಇಡೀ ಸಭೆ ರಾಯರ ಬಾಯಿಯನ್ನೇ ನೋಡತೊಡಗಿತು. ಆ ತುಟಿಗಳು ಅಲುಗಿದವು. ಹೆಂಡತಿ ಕಣ್ಣು ಮುಚ್ಚಿಕೊಂಡರು.

“ಏನಾಯ್ತು?” ಎಂದು ರಾಯರು ಕೇಳಿದರು. ಎದ್ದು ಬಂದು, ಬಗ್ಗಿ, ಮೇಜನ್ನೂ ಕಾಗದವನ್ನೂ ಶೂಗಳನ್ನೂ ಸರಿಯಾಗಿ ನೋಡಿದರು. ನೋಡಿ ಮುಗಿದ ಮೇಲೆ ಬೆನ್ನು ನೆಟ್ಟಗೆ ಮಾಡಿದರು.

“ಹೌದು ಸಾರ್, ಇದು ಮಾತ್ರ ನಮ್ಮದೇ,” ಅಂದರು.

ಜೇಬಿನಿಂದ ಹಳೆಯ ಬಟ್ಟೆ ತೆಗೆದರು. ಮೊದಲು ಮೇಜು ಒರೆಸಿದರು, ಆಮೇಲೆ ನೆಲಕ್ಕೆ ಕುಳಿತು ಅಧ್ಯಕ್ಷರ ಎರಡೂ ಶೂ, ಕೊನೆಗೆ ದಿಂಬುವಿನ ಕಾಲು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಸೀಟಿ ಹಿಡಿದ ಕೈ ಅರ್ಧದಲ್ಲೇ ನಿಂತು, ಅಧ್ಯಕ್ಷರು ಕಾಲನ್ನು ತುಸು ಎತ್ತಿ ಕೊಟ್ಟರು. ಕ್ಷಮೆ ಕೇಳುವುದು ಬಿಟ್ಟುಹೋಯಿತೆಂದು ಅವರಿಗೂ ನೆನಪಾಗಲಿಲ್ಲ, ರಾಯರಿಗೂ ನೆನಪಾಗಲಿಲ್ಲ.

ಹಿಂದಿನ ಸಾಲಿನಲ್ಲಿ ಪಾಲಿಸಿಯಣ್ಣ ಎದ್ದು, ಮನೆಯಲ್ಲಿ ಮೊರ ಎಲ್ಲಿದೆ ಎಂದು ಹೆಂಡತಿಗೆ ಫೋನು ಮಾಡುತ್ತಿದ್ದರು. ಅತ್ತೆಯವರು ದಿಂಬುವನ್ನು ಎತ್ತಿ ಚೀಲದಲ್ಲಿ ಕೂರಿಸಿಕೊಂಡು, ಪೆಟ್ಟಿಗೆ ಖಾಲಿ ಮಾಡಬೇಕು ನಡಿಯಮ್ಮ ಎಂದು ಮಗಳಿಗೆ ಹೇಳಿದರು. ಆಮೇಲೆ ಒದ್ದೆ ಬಟ್ಟೆ ಹಿಡಿದು ನಿಂತ ಅಳಿಯನನ್ನು ನೋಡಿ, ಬಾಯಿ ತುಂಬ ನಕ್ಕರು. ನಗಬೇಕಾದ ಜಾಗದಲ್ಲೇ ನಕ್ಕರು.